ಗ್ರೀನ್‌ಲ್ಯಾಂಡನ್ನು ಎಳೆದು ತಂದು ಭಾರತದ ಮೇಲಿಟ್ಟರೆ: ‘ದಿ ಟ್ರೂ ಸೈಜ್’ ಜಾಲತಾಣ ಎಷ್ಟು ಉಪಯುಕ್ತ?

ಶಾಲೆಯ ಗೋಡೆಯ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಆಫ್ರಿಕಾ ಸುಮಾರು 3.03 ಕೋಟಿ ಚ.ಕಿ.ಮೀ., ಗ್ರೀನ್‌ಲ್ಯಾಂಡ್ ಬರೀ 21.66 ಲಕ್ಷ. ಹದಿನಾಲ್ಕು ಪಟ್ಟಿನ ವ್ಯತ್ಯಾಸ! ಈ ಭ್ರಮೆ ಬಿಡಿಸುವ ಉಚಿತ ಸಾಧನ ‘ದಿ ಟ್ರೂ ಸೈಜ್’ ಜಾಲತಾಣ. ಲಾಗಿನ್ ಬೇಡ, ಇನ್‌ಸ್ಟಾಲ್ ಮಾಡುವುದೂ ಬೇಡ.

ಬಳಕೆ ಸರಳ. ಹುಡುಕು ಪಟ್ಟಿಯಲ್ಲಿ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದರ ಆಕಾರ ಬಣ್ಣ ತುಂಬಿಕೊಂಡು ಭೂಪಟದ ಮೇಲೆ ಕೂರುತ್ತದೆ. ಅಮೆರಿಕದ ರಾಜ್ಯಗಳ ಹೆಸರನ್ನೂ ಕೊಡಬಹುದು. ಅದನ್ನು ಹಿಡಿದು ಬೇಕಾದಲ್ಲಿಗೆ ಎಳೆಯಿರಿ. ಧ್ರುವದ ಕಡೆ ಹೋದಂತೆ ಹಿಗ್ಗುತ್ತದೆ, ಸಮಭಾಜಕದ ಕಡೆ ಬಂದಂತೆ ಕುಗ್ಗುತ್ತದೆ. ಬೇಡವಾದದ್ದನ್ನು ತೆಗೆಯಲು ರೈಟ್ ಕ್ಲಿಕ್.

ಈ ಹಿಗ್ಗು ಕುಗ್ಗು ಎಲ್ಲಿಂದ ಬಂತು ಅಂದರೆ, ಹಿನ್ನೆಲೆಯಲ್ಲಿರುವುದು ಮರ್ಕೇಟರ್ ಭೂಪಟ. 1569ರಲ್ಲಿ ಹಡಗಿನವರಿಗಾಗಿ ಹುಟ್ಟಿದ್ದು. ಒಂದೇ ದಿಕ್ಕಿಗೆ ಸಾಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಬೀಳುತ್ತದೆ, ಕೋನಗಳು ಕೆಡುವುದಿಲ್ಲ. ಆ ಅನುಕೂಲಕ್ಕೆ ತೆತ್ತ ಬೆಲೆ ವಿಸ್ತೀರ್ಣ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಅಗಲ ಎರಡೂ ದುಪ್ಪಟ್ಟು, ಅಂದರೆ ವಿಸ್ತೀರ್ಣ ನಾಲ್ಕು ಪಟ್ಟು. ಗ್ರೀನ್‌ಲ್ಯಾಂಡಿನ ನಡುಭಾಗ, 72 ಡಿಗ್ರಿಯಲ್ಲಿ, ಹತ್ತು ಪಟ್ಟಿಗೂ ಮಿಕ್ಕಿ ಊದಿಕೊಂಡಿರುತ್ತದೆ. ಕರ್ನಾಟಕ ಇರುವ 15 ಡಿಗ್ರಿಯಲ್ಲಿ ಹೆಚ್ಚಳ ಶೇ. 7ರಷ್ಟು ಮಾತ್ರ. ಹಾಗಾಗಿ ಗ್ರೀನ್‌ಲ್ಯಾಂಡನ್ನು ಎಳೆದು ತಂದು ಭಾರತದ ಮೇಲಿಟ್ಟರೆ ಪರದೆಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಉಳಿಯುವುದಿಲ್ಲ. ನಮ್ಮ 32.87 ಲಕ್ಷ ಚ.ಕಿ.ಮೀ. ಒಳಗೆ ಮೂರನೇ ಎರಡರಷ್ಟು ಜಾಗ ಹಿಡಿದು ಕೂರುತ್ತದೆ, ಅಷ್ಟೆ.

ಹೆಚ್ಚಿನವರು ಎಡವುವುದು ಇಲ್ಲೇ. ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟರೆ ಸಾಲದು, ಎರಡೂ ಒಂದೇ ಅಕ್ಷಾಂಶದಲ್ಲಿರಬೇಕು. ಭಾರತವನ್ನು ಒಯ್ದು ಸೈಬೀರಿಯಾದ ಮೇಲಿಟ್ಟರೂ ಹೋಲಿಕೆ ಸರಿಯೇ, ಏಕೆಂದರೆ ಅಲ್ಲಿ ಇಬ್ಬರಿಗೂ ಒಂದೇ ಹಿಗ್ಗು. ಆದರೆ ಭಾರತವನ್ನು 50 ಡಿಗ್ರಿಯಲ್ಲಿಟ್ಟು 65ರಲ್ಲಿರುವ ದೇಶದ ಜೊತೆ ಕಣ್ಣಳತೆ ಮಾಡಿದರೆ ಮತ್ತದೇ ಹಳೆಯ ಮೋಸ. ರಷ್ಯಾದಂಥ ದೈತ್ಯನನ್ನು ಸಮಭಾಜಕಕ್ಕೆ ಎಳೆದಾಗ ಆಕಾರ ವಕ್ರವಾಗುತ್ತದೆ. ಅದು ತಾಣದ ದೋಷವಲ್ಲ, ದೇಶದ ಒಂದೊಂದು ಭಾಗವೂ ಬೇರೆ ಬೇರೆ ಪ್ರಮಾಣದಲ್ಲಿ ಬದಲಾಗುವುದರ ಫಲ. ಅಂಟಾರ್ಕ್ಟಿಕಾ ಅಂತೂ ಇಲ್ಲಿ ನೆಟ್ಟಗೆ ಕಾಣುವುದೇ ಇಲ್ಲ, ಇಂಥ ವೆಬ್ ಭೂಪಟಗಳು 85 ಡಿಗ್ರಿಯ ಹತ್ತಿರ ಕತ್ತರಿಸಿಕೊಳ್ಳುತ್ತವೆ.

ಮೂಲೆಯ ದಿಕ್ಸೂಚಿಯನ್ನು ಅಲಂಕಾರ ಅಂದುಕೊಂಡು ಬಿಡಬೇಡಿ. ಅದನ್ನು ತಿರುಗಿಸಿದರೆ ದೇಶವೂ ತಿರುಗುತ್ತದೆ. ಸುಮಾರು 4,300 ಕಿ.ಮೀ. ಉದ್ದದ ಚಿಲಿಯನ್ನು ಅಡ್ಡ ಮಲಗಿಸಿ ಒಂದು ತುದಿ ಕಚ್ಛ್‌ನಲ್ಲಿಡಿ, ಇನ್ನೊಂದು ತುದಿ ವಿಯೆಟ್ನಾಂವರೆಗೂ ಚಾಚುತ್ತದೆ. ವಿಸ್ತೀರ್ಣ ಮಾತ್ರ ನಮ್ಮ ಕಾಲು ಭಾಗಕ್ಕಿಂತ ಕಡಿಮೆ!

ಕರ್ನಾಟಕಕ್ಕೆ ತೂಕದ ಬಟ್ಟು ಬೇಕಿದ್ದರೆ ಸೆನೆಗಲ್ ಹುಡುಕಿ. ನಮ್ಮದು 1,91,791 ಚ.ಕಿ.ಮೀ., ಅದು ಸುಮಾರು 1.97 ಲಕ್ಷ. ಅಕ್ಷಾಂಶವೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅಟ್ಲಾಂಟಿಕ್ ದಡದಿಂದ ಅರಬ್ಬೀ ದಡಕ್ಕೆ ಎಳೆದರೂ ಗಾತ್ರ ಬದಲಾಗುವುದಿಲ್ಲ. ನಡುವೆ ಚಾಕು ಹಾಕಿದಂತೆ ಕಾಣುವ ಸೀಳು ಗ್ಯಾಂಬಿಯಾ, ಅದು ಬೇರೆ ದೇಶ.

ತಾಣದ ದೊಡ್ಡ ಕೊರತೆ ಜನಸಂಖ್ಯೆ. ಆಕಾರ ಎಳೆದಾಡಿದರೆ ಜನರ ಲೆಕ್ಕ ಸಿಗದು, ಸೆನೆಗಲ್‌ನಲ್ಲಿ 1.8 ಕೋಟಿ ಜನ, ಅಷ್ಟೇ ಜಾಗದ ಕರ್ನಾಟಕದಲ್ಲಿ 2011ರಲ್ಲೇ 6.11 ಕೋಟಿ. ಬ್ರಿಟನ್ನನ್ನು ಉತ್ತರ ಪ್ರದೇಶದ ಮೇಲಿಟ್ಟು ನೋಡಿ. ಪರದೆಯಲ್ಲಿ ತನ್ನ ಜಾಗದಲ್ಲಿ ಕಾಣುತ್ತಿದ್ದುದರ ಅರ್ಧಕ್ಕಿಂತ ಸಣ್ಣದಾಗಿ ಬಂದು ಕೂರುತ್ತದೆ. ನಿಜದ ಅಳತೆಯಲ್ಲಿ ಬ್ರಿಟನ್ 2.43 ಲಕ್ಷ, ಉತ್ತರ ಪ್ರದೇಶ 2.41 ಲಕ್ಷ ಚ.ಕಿ.ಮೀ., ಅಕ್ಕಪಕ್ಕದ ಸೈಟುಗಳಂತೆ. 2011ರ ಗಣತಿಯಲ್ಲಿ ಅಲ್ಲಿ 6.3 ಕೋಟಿ, ಇಲ್ಲಿ 19.98 ಕೋಟಿ. ಇನ್ನೂ ಚೆಂದದ ಜೋಡಿ ಕೇರಳ ಮತ್ತು ಕೆನಡಾ: ಅದೇ ವರ್ಷದ ಗಣತಿಗಳಲ್ಲಿ ಕೇರಳ 3.34 ಕೋಟಿ, ಕೆನಡಾ 3.35 ಕೋಟಿ. ಜಾಗ ಮಾತ್ರ 38,863 ಚ.ಕಿ.ಮೀ. ಎದುರು ಸುಮಾರು 99.8 ಲಕ್ಷ. ಇಡೀ ಗ್ರೀನ್‌ಲ್ಯಾಂಡಿನ ಜನ ಸುಮಾರು 56 ಸಾವಿರ, ನಮ್ಮ ಶಿರಸಿ ಪಟ್ಟಣದಷ್ಟೂ ಇಲ್ಲ.

ಜನಸಂಖ್ಯೆಗೆ ‘ಅವರ್ ವರ್ಲ್ಡ್ ಇನ್ ಡೇಟಾ’ ತಾಣ 2018ರಲ್ಲಿ ಮಾಡಿದ ಚೌಕಗಳ ಭೂಪಟವನ್ನು ಜೊತೆಗಿಟ್ಟುಕೊಳ್ಳಿ. ಒಂದು ಚೌಕ ಎಂದರೆ 5 ಲಕ್ಷ ಜನ. ಭಾರತಕ್ಕೆ ಸುಮಾರು 2,700 ಚೌಕ, ಕೆನಡಾಕ್ಕೆ 75ರ ಆಸುಪಾಸು. ಅಮೆರಿಕದ ನೆತ್ತಿಯ ಮೇಲೆ ತೆಳ್ಳಗೆ ಸವರಿದ ಪಟ್ಟಿಯಂತೆ ಕೆನಡಾ ಕಾಣುತ್ತದೆ. ಈ ಭೂಪಟ ಎಳೆದಾಡುವ ಸಾಧನವಲ್ಲ, ನೋಡುವ ಚಿತ್ರ. ಎರಡನ್ನೂ ಎರಡು ಟ್ಯಾಬ್‌ಗಳಲ್ಲಿ ತೆರೆದಿಟ್ಟರೆ ತರಗತಿಯ ಒಂದು ಪಿರಿಯಡ್ ಸಲೀಸಾಗಿ ಕಳೆಯುತ್ತದೆ.

ಸಂಖ್ಯೆ ಬರೆದುಕೊಳ್ಳುವಾಗ ಮೂರು ಕಡೆ ಕೈ ತಪ್ಪುತ್ತದೆ. ಮೊದಲನೆಯದು ಮಿಲಿಯನ್: ಆಸ್ಟ್ರೇಲಿಯಾದ 7.69 ಮಿಲಿಯನ್ ಚ.ಕಿ.ಮೀ. ಅಂದರೆ 76.9 ಲಕ್ಷ, 7.69 ಕೋಟಿ ಅಲ್ಲ. ಎರಡನೆಯದು ನೀರು. ಕೆರೆ ಸರೋವರಗಳನ್ನು ಬಿಟ್ಟರೆ ಕೆನಡಾ ಸುಮಾರು 90.9 ಲಕ್ಷಕ್ಕೆ ಇಳಿಯುತ್ತದೆ, ಹಾಗಾಗಿ ಒಂದು ಪಟ್ಟಿಯ ಒಟ್ಟು ವಿಸ್ತೀರ್ಣವನ್ನು ಇನ್ನೊಂದರ ನೆಲದ ವಿಸ್ತೀರ್ಣದ ಜೊತೆ ಬೆರೆಸಬಾರದು. ಮೂರನೆಯದು ವರ್ಷ: ನಮ್ಮ ರಾಜ್ಯಗಳಿಗೆ 2011ರ ಗಣತಿ ಹಿಡಿದರೆ ಎದುರಿನ ದೇಶಕ್ಕೂ ಅದರ ಆಸುಪಾಸಿನದೇ ಇರಲಿ. ಸಾಂದ್ರತೆ ಹೇಳುವಾಗಲೂ ಸರಾಸರಿಯನ್ನು ಪೂರ್ತಿ ನಂಬುವಂತಿಲ್ಲ. ಈಜಿಪ್ಟ್ 10 ಲಕ್ಷ ಚ.ಕಿ.ಮೀ. ಇದ್ದರೂ ಬಹುಪಾಲು ಜನ ಇರುವುದು ನೈಲ್ ನದಿಯ ಅಂಚಿನಲ್ಲಿ.

ಮೊಬೈಲಿನಲ್ಲಿ ಇದನ್ನು ಬಳಸುವುದು ಕಿರಿಕಿರಿ. ಬೆರಳೇ ಅರ್ಧ ದೇಶ ಮುಚ್ಚುತ್ತದೆ, ಸಣ್ಣ ದೇಶಗಳನ್ನು ಹಿಡಿಯಲು ಸರ್ಕಸ್. ಕಂಪ್ಯೂಟರ್, ಮೌಸ್ ಇದ್ದರೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಫೋನಿನಲ್ಲಿ ಎರಡೂವರೆ. ಫೋನ್ ಬಿಟ್ಟು ಬೇರೇನೂ ಇಲ್ಲದವರಿಗೆ 50 ಡಿಗ್ರಿಯಿಂದ ಮೇಲಿನ ಯಾವ ದೇಶವನ್ನು ಕಂಡರೂ ಮನಸ್ಸಿನಲ್ಲೇ ಅರ್ಧಕ್ಕಿಂತ ಕಡಿಮೆ ಮಾಡಿಕೊಳ್ಳುವ ಅಭ್ಯಾಸವೇ ವಾಸಿ.