ಸ್ಪೈನಲ್‌ಗೆ ಜೊತೆಮದ್ದು: ಫೆಂಟನಿಲ್, ಮಾರ್ಫಿನ್, ಡೆಕ್ಸ್‌ಮೆಡಿಟೊಮಿಡಿನ್

ಸ್ಪೈನಲ್ ಎಂದರೆ ಬೆನ್ನುಹುರಿಯ ದ್ರವಕ್ಕೆ ಮದ್ದು ಚುಚ್ಚಿ ಕೆಳಮೈ ಮರಗಟ್ಟಿಸುವ ಅರಿವಳಿಕೆ. ಅದಕ್ಕೆ ಮರಗಟ್ಟಿಸುವ ಮದ್ದಾದ ಬುಪಿವಕೇನ್ ಹೆವಿ ಒಂದನ್ನೇ ಕೊಟ್ಟರೆ ಎರಡು-ಮೂರು ಗಂಟೆಯಲ್ಲಿ ನೋವು ತಲೆಯೆತ್ತುತ್ತದೆ. ಸಿಸೇರಿಯನ್‌ಗೆ ಫೆಂಟನಿಲ್ 15ರಿಂದ 25 ಮೈಕ್ರೋಗ್ರಾಂ ಸೇರಿಸಿದರೆ ಆಪರೇಷನ್ ನಡೆಯುವಾಗ ಹೊಟ್ಟೆಯೊಳಗೆ ಆಗುವ ಎಳೆತ, ವಾಕರಿಕೆ ಎರಡೂ ತಗ್ಗುತ್ತವೆ. ಆದರೆ ನಾಲ್ಕು ಗಂಟೆ ದಾಟಿದ ಮೇಲೆ ಅದನ್ನು ನಂಬಬೇಡಿ.

ರಾತ್ರಿಯಿಡೀ ತಾಯಿ ನೋವಿಲ್ಲದೆ ಮಗುವಿಗೆ ಹಾಲೂಡಿಸಬೇಕೆಂದರೆ ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ ಮಾರ್ಫಿನ್ 100 ಮೈಕ್ರೋಗ್ರಾಂ ಕೊಡಿ, ಅದಕ್ಕೆ ಸಾಟಿಯಿಲ್ಲ. ಡೋಸ್ ಏರಿಸಿದಷ್ಟೂ ತುರಿಕೆ, ವಾಂತಿ ಹೆಚ್ಚು. ಗಂಟೆಗಳ ನಂತರವೂ ಉಸಿರಾಟ ಕುಗ್ಗಬಹುದು. ವಾರ್ಡಿನಲ್ಲಿ ಉಸಿರು ಎಣಿಸಿ ಬರೆಯುವ ನರ್ಸ್ ಇಲ್ಲದ ಕಡೆ ಇದು ಖಂಡಿತ ಬೇಡ.

ಡೆಕ್ಸ್‌ಮೆಡಿಟೊಮಿಡಿನ್‌ನಲ್ಲಿ ತುರಿಕೆಯ ಕಾಟವಿಲ್ಲ. ಆದರೆ ಬೆನ್ನುಹುರಿಯ ದ್ರವಕ್ಕೆ ಕೊಡುವುದು ಲೇಬಲ್‌ನಾಚೆಯ ಬಳಕೆ, ಅಂದರೆ ಅದಕ್ಕೆ ಅಧಿಕೃತ ಒಪ್ಪಿಗೆಯಿಲ್ಲ. ನಾಡಿ ಇಳಿಯುತ್ತದೆ, ಕಾಲಿನ ಶಕ್ತಿ ಮರಳುವುದೂ ತಡ. ಅದೇ ದಿನ ಮನೆಗೆ ಹೋಗುವವರಿಗೆ ಸಲ್ಲದು. ಎಡವಟ್ಟಾಗುವುದು ಅಳತೆಯಲ್ಲಿ: ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಇರುವ ಆಂಪೂಲ್‌ನಿಂದ 5 ಮೈಕ್ರೋಗ್ರಾಂ ಎಂದರೆ 40 ಯೂನಿಟ್ ಇನ್ಸುಲಿನ್ ಸಿರಿಂಜಿನಲ್ಲಿ (1 ಮಿ.ಲೀ.ಗೆ 40 ಗೆರೆ) ಬರೀ ಎರಡು ಗೆರೆ. ಒಂದು ಗೆರೆ ತಪ್ಪಿದರೆ ಡೋಸ್ ಅರ್ಧದಷ್ಟು ಏರುಪೇರು. 1 ಮಿ.ಲೀ. ಮದ್ದನ್ನು ಸಲೈನ್ ಬೆರೆಸಿ 10 ಮಿ.ಲೀ. ಮಾಡಿ, ಅದರಲ್ಲಿ ಅರ್ಧ ಮಿ.ಲೀ. ತೆಗೆಯಿರಿ.