10,000 ಗೇಮ್, ಎರಡು ವರ್ಷ, ಒಂದು ತಗ್ಗು

ಮೊದಲೇ ಹೇಳಿಬಿಡುತ್ತೇನೆ, ಈ ಗೇಮ್ ಸ್ಟಿಕ್ಕಿನ ಡಬ್ಬಿಯ ಮೇಲೆ ಬರೆದಿರುವ 10,000 ಗೇಮ್ ಅನ್ನುವುದು ಸುಳ್ಳು. ಒಬ್ಬನೇ ಮಾರಿಯೋ ಐದು ಹೆಸರು ಇಟ್ಟುಕೊಂಡು ಐದು ಕಡೆ ಕೂತಿದ್ದಾನೆ. ಮಳೆಗಾಲದ ಒಂದು ಮಧ್ಯಾಹ್ನ ಮಗನ ಜೊತೆ ಎಣಿಸಲು ಕೂತೆ. ಪಟ್ಟಿ 300 ದಾಟುವಷ್ಟರಲ್ಲಿ ಅದೇ ಕಾರ್ ರೇಸ್ ಏಳನೇ ಸಲ ಬಂತು. ಅಲ್ಲಿಗೆ ಕೈಬಿಟ್ಟೆವು.

ಟಿವಿಯ ಹಿಂದೆ ಎಚ್‌ಡಿಎಂಐ ತೂತಿಗೆ ಚುಚ್ಚುವ ಗೇಮ್ ಸ್ಟಿಕ್ ಇದು. ಹಳೇ ಗೇಮ್ ಎಲ್ಲ ಅದರ ಮೆಮೊರಿ ಕಾರ್ಡಿನಲ್ಲಿ, ಆಡಲು ಸೆಲ್ ಹಾಕುವ ಎರಡು ಕಂಟ್ರೋಲರ್. ಎರಡು ವರ್ಷದ ಹಿಂದೆ ದೀಪಾವಳಿ ಹೊತ್ತಿಗೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ತಗೊಂಡೆ. 2,200 ಹೇಳಿದ, 1,900ಕ್ಕೆ ಕೊಟ್ಟ. ಬಿಲ್ ಕೇಳಿದರೆ ನಕ್ಕ. ಡಬ್ಬಿಯ ಮೇಲೆ ಕಂಪನಿ ಹೆಸರೂ ಇಲ್ಲ. ಒಳಗಿರುವ ಗೇಮ್ ಮಾಡಿದವರಿಗೆ ಇದರಿಂದ ಒಂದು ಪೈಸೆ ಹೋಗಿರಲಿಕ್ಕಿಲ್ಲ, ಅದೂ ಗೊತ್ತಿದ್ದೇ ತಗೊಂಡೆ.

ಆಸೆ ಇದ್ದದ್ದು ಒಂದೇ, ಓಡುತ್ತಾ ಗುಂಡು ಹಾರಿಸುವ ಹಳೇ ಗೇಮ್ ಕಾಂಟ್ರಾ. 90ರ ದಶಕದಲ್ಲಿ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಗಂಟೆಗೆ 5 ರೂಪಾಯಿ ಕೊಟ್ಟು ಟಿವಿ ಗೇಮ್ ಆಡುತ್ತಿದ್ದೆವು. ಕ್ಯಾಸೆಟ್ಟಿನ ಮೇಲೆ 9999 ಇನ್ 1 ಅಂತ ಇರುತ್ತಿತ್ತು, ಒಳಗೆ ಇರುತ್ತಿದ್ದದ್ದು ಹತ್ತೋ ಹನ್ನೆರಡೋ. ಮೋಸ ಹಳೆಯದೇ ಅನ್ನಿ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಇಷ್ಟು ಒತ್ತಿದರೆ ಕಾಂಟ್ರಾದಲ್ಲಿ 30 ಜೀವ. 13ರ ಮಗ್ಗಿ ಬಾರದ ಹುಡುಗರಿಗೂ ಇದು ಬಾಯಿಪಾಠ ಇತ್ತು.

ಮನೆಗೆ ತಂದು ಚುಚ್ಚಿ, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಾಂಟ್ರಾ ಹಾಕಿದೆ. ಅಲ್ಲೇ ಎಡವಟ್ಟಾಯಿತು.

ನಾನು ಜಿಗಿ ಅಂದರೆ ಗೇಮಿನ ಸಿಪಾಯಿ ಜಿಗಿಯುವುದಿಲ್ಲ. ಸ್ವಲ್ಪ ಯೋಚನೆ ಮಾಡಿ ಜಿಗಿಯುತ್ತಾನೆ. ಕಣ್ಣಿಗೆ ಕಾಣದಷ್ಟು ತಡ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಗುಂಡು ಎದೆಗೆ ಬಿದ್ದ ಮೇಲೆ ಸತ್ತವನು ಜಿಗಿಯಲು ಹೊರಟ ಹಾಗೆ ಕಾಣುತ್ತದೆ. 30 ಜೀವ ಹತ್ತು ನಿಮಿಷದಲ್ಲಿ ಖಾಲಿ. ಮಗ ಏನೂ ಅನ್ನಲಿಲ್ಲ. "ಪಪ್ಪಾ, ಇದ ಏನ್ ನೀ ದಿನಾ ಹೇಳ್ತಿದ್ದಿ, ಆ ಗೇಮ?" ಅಂದ, ಅಷ್ಟೇ. ಆ ಮಾತು ಬಾಳ ಚುಚ್ಚಿತು.

ಪಟ್ಟಿಯಲ್ಲಿ ಬಾತುಕೋಳಿ ಹೊಡೆಯುವ ಡಕ್ ಹಂಟ್ ಕೂಡ ಇದೆ. ಬಂದೂಕು ಮಾತ್ರ ಇಲ್ಲ. ಇದ್ದಿದ್ದರೂ ಉಪಯೋಗ ಇರಲಿಲ್ಲ ಬಿಡಿ. ಆ ಬಂದೂಕಿನಿಂದ ಏನೂ ಹಾರುವುದಿಲ್ಲ, ಅದೊಂದು ಕಣ್ಣು. ಅದರ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಆ ಬೆಳಕು ಬಂದೂಕಿಗೆ ಕಂಡರೆ ಗುರಿ ಸರಿ. ಇದೆಲ್ಲ ಹಳೇ ಡಬ್ಬಾ ಟಿವಿಯ ಲೆಕ್ಕಕ್ಕೆ ಮಾಡಿದ್ದು, ಈಗಿನ ತೆಳು ಟಿವಿಯಲ್ಲಿ ನಡೆಯುವುದಿಲ್ಲ. ಆದರೂ ಪಟ್ಟಿಯಲ್ಲಿ ಮೂರು ಸಲ ತುರುಕಿದ್ದಾರೆ.

ಸಂಕ್ರಾಂತಿ ಹೊತ್ತಿಗೆ ಸ್ಟಿಕ್ ಅಟ್ಟ ಸೇರಿತ್ತು. ಆಗ ಈ ವಿಮರ್ಶೆ ಬರೆದಿದ್ದರೆ ಎರಡೇ ಸಾಲು ಇರುತ್ತಿತ್ತು, ಎರಡೂ ಬೈಗುಳ.

ಅದನ್ನು ಕೆಳಗೆ ಇಳಿಸಿದ್ದು ನನ್ನ ತಮ್ಮ. ಅವನಿರುವುದು ಧಾರವಾಡದಲ್ಲಿ. ಒಂದು ಭಾನುವಾರ ಬಂದವನು ನನ್ನ ಗೋಳು ಕೇಳಿ, "ಅಣ್ಣಾ, ಚಲೋ ಗೇಮ್ ಆಡಾಕ ಬರವಲ್ದು ಅಂದ್ರ ಕೆಟ್ಟ ಗೇಮ್ ಆಡೂಣು. ಅದ್ರಾಗ ಕೆಡಾಕ ಏನ್ ಐತಿ?" ಅಂದ.

ಅವತ್ತಿನಿಂದ ಇದು ನಮ್ಮ ಮನೆಯ ಭಾನುವಾರದ ಪದ್ಧತಿ. ಐದು ಗಂಟೆಗೆ ತಮ್ಮ ಚಿಗರಿ ಬಸ್ ಇಳಿದು, ದುರ್ಗದಬೈಲ್‌ಗೆ ಹೋಗಿ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾನೆ. ಹಾಲ್‌ನಲ್ಲಿ ಪೇಪರ್ ಹಾಸಿ ಅದರ ಮೇಲೆ ಗಿರಮಿಟ್ಟು ಸುರಿಯುತ್ತೇವೆ. ಎಣ್ಣೆ ಕೈಯಲ್ಲಿ ಕಂಟ್ರೋಲರ್ ಮುಟ್ಟಬಾರದು ಅಂತ ಮಗನ ಕಾನೂನು, ಅದಕ್ಕೆ ಒಬ್ಬ ತಿನ್ನುವಾಗ ಇನ್ನೊಬ್ಬ ಆಡಬೇಕು. ಸೆಲ್ಲಿನದು ಬೇರೆ ಕಥೆ. ಈ ಕಂಟ್ರೋಲರ್ ಸೆಲ್ ಕುಡಿಯುತ್ತವೆ. ಒಂದು ಜೊತೆ ಮೂರು ವಾರ ಬಂದರೆ ಪುಣ್ಯ. ಅಂಗಡಿಗೆ ಹೋಗಲು ಬೇಜಾರು. ಅದಕ್ಕೆ ರಿಮೋಟಿನಿಂದ ಟಿವಿಯನ್ನು ಎಚ್‌ಡಿಎಂಐಗೆ ತಿರುಗಿಸಿ, ಸೌಂಡ್ ಸರಿ ಮಾಡಿಕೊಂಡು, ಆ ರಿಮೋಟಿನ ಎರಡು ಸೆಲ್ ಕಿತ್ತು ಕಂಟ್ರೋಲರಿಗೆ ಹಾಕುತ್ತೇವೆ. ಮೊದಲು ಅಂಗೈಯಲ್ಲಿ ಉಜ್ಜಬೇಕು. ಯಾಕೆ ಅಂತ ಕೇಳಬೇಡಿ, ಅಪ್ಪ ರೇಡಿಯೋ ಸೆಲ್ ಹಾಗೇ ಉಜ್ಜುತ್ತಿದ್ದರು. ಆಮೇಲೆ ಸೌಂಡ್ ಜಾಸ್ತಿ ಆದರೂ ಕಡಿಮೆ ಮಾಡುವ ಹಾಗಿಲ್ಲ. ಎಂಟು ಗಂಟೆಗೆ ಅವ್ವನ ಧಾರಾವಾಹಿ. 7 ಗಂಟೆ 55 ನಿಮಿಷಕ್ಕೆ ಸೆಲ್ ವಾಪಸ್ ರಿಮೋಟಿನಲ್ಲಿ ಇರಬೇಕು.

ಮೊದಲ ಭಾನುವಾರ ಹಾಕಿದ್ದು ಇ.ಟಿ. ಜಗತ್ತಿನ ಅತ್ಯಂತ ಕೆಟ್ಟ ಗೇಮ್ ಅಂತ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು. ಅಟಾರಿ ಕಂಪನಿಯದು, 1982ರ ಡಿಸೆಂಬರ್. ಅದೇ ಹೆಸರಿನ ಸಿನಿಮಾ ಭರ್ಜರಿ ಓಡಿತ್ತು, ಕ್ರಿಸ್‌ಮಸ್ಸಿಗೆ ಗೇಮ್ ಬೇಕೇ ಬೇಕು ಅಂತಾಯಿತು. ಹೊವಾರ್ಡ್ ಸ್ಕಾಟ್ ವಾರ್ಶಾ ಅನ್ನುವವನಿಗೆ ಸಿಕ್ಕಿದ್ದು ಸುಮಾರು 5 ವಾರ. ಅಷ್ಟರಲ್ಲೇ ಕೂತು ಮಾಡಿದ. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳನ್ನು ಬೇರೆ ಗೇಮ್‌ಗಳ ಜೊತೆ 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಅನ್ನುವ ಊರಿನ ಕಸದ ಗುಂಡಿಯಲ್ಲಿ ಹೂತರು. ಅದು ಬರೀ ಕಟ್ಟುಕಥೆ ಅಂತ ಎಷ್ಟೋ ವರ್ಷ ಜನ ನಂಬಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದರೆ ನಿಜವಾಗಿಯೂ ಇದ್ದವು. ಸುಮಾರು 1,300 ಹೊರಗೆ ತೆಗೆದರು.

ಆಟ ಇಷ್ಟೇ. ಬೇರೆ ಗ್ರಹದಿಂದ ಬಂದ ಇ.ಟಿ. ತನ್ನ ಮನೆಗೆ ಫೋನ್ ಮಾಡಬೇಕು. ಫೋನಿನ ಮೂರು ತುಂಡು ಎಲ್ಲೆಲ್ಲೋ ತಗ್ಗಿನಲ್ಲಿ ಬಿದ್ದಿವೆ. ತಗ್ಗಿಗೆ ಇಳಿದು ಹುಡುಕಬೇಕು, ಆಮೇಲೆ ಕತ್ತು ಉದ್ದ ಮಾಡಿ ತೇಲುತ್ತಾ ಮೇಲೆ ಬರಬೇಕು. ಇಡೀ ಲೋಕ ದಾಳದ ಆರು ಮುಖದ ಹಾಗೆ ಆರು ಪರದೆ. ಶುರುವಿಗೆ 9999 ಶಕ್ತಿ ಇರುತ್ತದೆ (ಮತ್ತೆ 9999!), ಒಂದೊಂದು ಹೆಜ್ಜೆಗೂ ಇಳಿಯುತ್ತದೆ.

ಅವನನ್ನು ತಗ್ಗಿನಿಂದ ಎತ್ತಿ ತೇಲಿಸಿ ತೇಲಿಸಿ ಅಂಚಿಗೆ ತಂದೆ. ಒಂದು ಹೆಜ್ಜೆ ಇಟ್ಟೆ. ದಬಕ್ಕನೆ ಅದೇ ತಗ್ಗಿಗೆ. ಮತ್ತೆ ಎತ್ತಿದೆ, ಮತ್ತೆ ಬಿದ್ದ. ತಮ್ಮ ಟಿವಿ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ. ಇ.ಟಿ.ಯ ಕಾಲು ಗಟ್ಟಿ ನೆಲದ ಮೇಲೆ ಇದೆ, ತಲೆ ಮಾತ್ರ ಹಿಂದಿನ ತಗ್ಗಿನ ಚಿತ್ರಕ್ಕೆ ತಾಗುತ್ತದೆ. ಮೈಯ ಯಾವ ಚುಕ್ಕಿ ತಾಗಿದರೂ ಬಿದ್ದ ಅಂತಲೇ ಗೇಮಿನ ಲೆಕ್ಕ. ಅಂದರೆ ತಲೆ ತಾಗಿ ತಗ್ಗಿಗೆ ಬೀಳುವ ಪ್ರಾಣಿ.

ಕೌದಿ ಹೊಲಿಯುತ್ತಾ ಕೂತಿದ್ದ ಅವ್ವ ಕನ್ನಡಕದ ಮೇಲಿಂದ ನೋಡಿ, "ಯಪ್ಪಾ, ಹುಬ್ಬಳ್ಳಿ ರಸ್ತೇನ ಟಿವಿಯಾಗ ಹಾಕ್ಯಾರಲ್ಲೋ" ಅಂದಳು.

ಆ ತಗ್ಗಿನಲ್ಲಿ ನನಗೆ ಒಂದು ಅರ್ಥವಾಯಿತು. ಚಿತ್ರ ಚೆನ್ನಾಗಿಲ್ಲ, ಕಷ್ಟ ಇದೆ ಅಂತ ಗೇಮ್ ಕೆಟ್ಟದ್ದಾಗುವುದಿಲ್ಲ. ಕಾಂಟ್ರಾಕ್ಕಿಂತ ಕಷ್ಟ ಯಾವುದಿದೆ? ಅದರಲ್ಲಿ ಸತ್ತರೆ ಯಾಕೆ ಸತ್ತೆ ಅಂತ ಗೊತ್ತಾಗುತ್ತದೆ. ಇಲ್ಲಿ ಸೋಲು ನನ್ನ ಲೆಕ್ಕಕ್ಕೆ ಬರುತ್ತದೆ, ತಪ್ಪು ಮಾತ್ರ ನನ್ನದಲ್ಲ. ಐದು ವಾರದಲ್ಲಿ ಮಾಡಿದವನ ಮೇಲೆ ನನಗೆ ಸಿಟ್ಟಿಲ್ಲ. ಇದೇ ವಾರ್ಶಾ ಅದಕ್ಕೂ ಮೊದಲು ಮಾಡಿದ ಯಾರ್ಸ್ ರಿವೆಂಜ್ ಕೂಡ ಈ ಸ್ಟಿಕ್ಕಿನಲ್ಲಿದೆ, ಇವತ್ತಿಗೂ ಆಡಲು ಮಜಾ. ಮುಂದೆ ಆತ ಮನಸ್ಸಿನ ಚಿಕಿತ್ಸೆ ಕೊಡುವ ವೃತ್ತಿಗೆ ಹೋದನಂತೆ. "ಆಡಿದವರಿಗೆ ಬೇಕಾಗ್ತೈತಿ ಅಂತ ಇರಬೇಕು" ಅಂದ ತಮ್ಮ.

ಇ.ಟಿ.ಗಿಂತ ಕೆಟ್ಟದ್ದು ನಮಗೆ ಸಿಕ್ಕಿದ್ದು ಮೂರನೇ ವಾರ, ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್. 1988ರದು. ಈ ಜೆಕಿಲ್ ತನ್ನ ಮದುವೆಗೆ ಚರ್ಚಿಗೆ ನಡೆದುಕೊಂಡು ಹೋಗುತ್ತಿರುತ್ತಾನೆ. ಓಡಬೇಡವಾ? ಇಲ್ಲ, ಊಟ ಆದ ಮೇಲೆ ಉಣಕಲ್ ಕೆರೆ ದಂಡೆಗೆ ವಾಕಿಂಗ್ ಬಂದವರ ಹಾಗೆ ನಡೆಯುತ್ತಾನೆ. ನಾಯಿ ಮೈಮೇಲೆ ಬರುತ್ತದೆ, ಹಕ್ಕಿ ಹಿಕ್ಕೆ ಹಾಕುತ್ತದೆ, ಒಬ್ಬ ಸುಮ್ನೆ ಬಾಂಬ್ ಇಟ್ಟು ಹೋಗುತ್ತಾನೆ. ಕೈಯಲ್ಲಿ ಕೋಲಿದೆ, ಹೊಡೆದರೆ ಹೆಚ್ಚುಕಡಿಮೆ ಯಾರಿಗೂ ತಾಗುವುದಿಲ್ಲ. ಸಿಟ್ಟು ನೆತ್ತಿಗೇರಿದರೆ ತನ್ನದೇ ರಾಕ್ಷಸ ರೂಪವಾದ ಹೈಡ್ ಆಗುತ್ತಾನೆ. ಆಗ ದಾರಿ ಉಲ್ಟಾ ಸರಿಯುತ್ತದೆ. ಜೆಕಿಲ್ ಎಲ್ಲಿಯವರೆಗೆ ಬಂದಿದ್ದನೋ ಆ ಜಾಗವನ್ನು ಹೈಡ್ ದಾಟಿದರೆ ಆಕಾಶದಿಂದ ಸಿಡಿಲು ಬಡಿದು ಕಥೆ ಮುಗಿಯುತ್ತದೆ. ಇದನ್ನು ಗೇಮ್ ಎಲ್ಲೂ ಹೇಳುವುದಿಲ್ಲ. ನಾವು ನಾಲ್ಕು ಸಲ ಸಿಡಿಲು ಹೊಡೆಸಿಕೊಂಡು, ಮಗ ಇಂಟರ್‌ನೆಟ್‌ನಲ್ಲಿ ಹುಡುಕಿ ಹೇಳಿದ ಮೇಲೆ ತಿಳಿಯಿತು. ಎರಡು ವರ್ಷದಲ್ಲಿ ಆ ಮನುಷ್ಯನಿಗೆ ಮದುವೆ ಮಾಡಿಸಲು ನಮ್ಮಿಂದ ಆಗಿಲ್ಲ. "ಜಾತಕ ಕೂಡಿಲ್ಲ ಬಿಡ್ರಿ" ಅನ್ನುತ್ತಾಳೆ ಅವ್ವ.

ತಮ್ಮನದು ಬೇರೆ ವಾದ. ಅವನ ಪ್ರಕಾರ ಅತಿ ಕೆಟ್ಟದ್ದು 2003ರ ಬಿಗ್ ರಿಗ್ಸ್. ಅದು ಕಂಪ್ಯೂಟರ್ ಗೇಮ್, ಈ ಸ್ಟಿಕ್ಕಿನಲ್ಲಿ ಇಲ್ಲ, ಯೂಟ್ಯೂಬ್‌ನಲ್ಲಿ ನೋಡಿದೆವು. ಲಾರಿ ರೇಸು. ಎದುರಾಳಿ ಲಾರಿ ನಿಂತಲ್ಲೇ ನಿಂತಿರುತ್ತದೆ. ನಮ್ಮ ಲಾರಿ ಮನೆಗಳೊಳಗಿಂದ ಗಾಳಿಯ ಹಾಗೆ ತೂರಿ ಹೋಗುತ್ತದೆ. ಡಬ್ಬಿಯಲ್ಲಿ ಪೊಲೀಸರು ಬೆನ್ನು ಹತ್ತುತ್ತಾರೆ ಅಂತಿತ್ತು, ಒಳಗೆ ಒಬ್ಬ ಪೊಲೀಸಪ್ಪನೂ ಇಲ್ಲ. ರಿವರ್ಸ್ ಗೇರಿನಲ್ಲಿ ಬಿಟ್ಟರೆ ವೇಗಕ್ಕೆ ಮಿತಿಯೇ ಇಲ್ಲ, ಏರುತ್ತಲೇ ಹೋಗುತ್ತದೆ. ಗೆದ್ದರೆ ತಪ್ಪು ಇಂಗ್ಲಿಷಿನಲ್ಲಿ 'ಯು ಆರ್ ವಿನ್ನರ್'. ಮಾಡಿದವರು ಒಂದು ಸಲವಾದರೂ ಆಡಿ ನೋಡಿಲ್ಲ, ಅದಕ್ಕಿಂತ ದೊಡ್ಡ ಪಾಪ ಇಲ್ಲ ಅನ್ನುತ್ತಾನೆ. ನಾನು ಒಪ್ಪಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದು ಅತಿ ಕೆಟ್ಟದ್ದು ಹೇಗಾಗುತ್ತದೆ? ಈ ಜಗಳ ಇನ್ನೂ ಮುಗಿದಿಲ್ಲ.

ಮಗನ ಓಟು 1999ರ ಸೂಪರ್‌ಮ್ಯಾನ್‌ಗೆ, ನಿಂಟೆಂಡೊ 64 ಅನ್ನುವ ಗೇಮ್ ಯಂತ್ರದ್ದು. ಅಷ್ಟು ಶಕ್ತಿವಂತನನ್ನು ಗಾಳಿಯಲ್ಲಿ ಬಳೆಗಳೊಳಗೆ ತೂರಿಸುವುದೇ ಆಟ. ದೂರದ ಕಟ್ಟಡ ತೋರಿಸಲು ಆಗದೆ ಊರಿಗೆಲ್ಲ ಹಸಿರು ಮಂಜು ಮುಸುಕಿ, ಅದಕ್ಕೊಂದು ಕಥೆ ಕಟ್ಟಿದ್ದಾರೆ, ಅವನ ಶಕ್ತಿ ಕುಗ್ಗಿಸುವ ಕ್ರಿಪ್ಟೊನೈಟ್ ಮಂಜಂತೆ. ತಪ್ಪು ಮುಚ್ಚಲು ಕಥೆ ಕಟ್ಟುವುದು ಗೇಮ್‌ನವರು ಮಾತ್ರ ಮಾಡುತ್ತಾರೆಯೇ, ಬಿಡಿ.

ಈಗಿನ ಗೇಮ್‌ಗಳ ಮಾತು ಬಂದಾಗ ನಮ್ಮಿಬ್ಬರಿಗೆ ಮಗನ ಜೊತೆ ಜೋರು ಚರ್ಚೆ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ಸೋನಿಯ ಹಳೇ ಗೇಮ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಎಷ್ಟು ಹದಗೆಟ್ಟಿತ್ತು ಅಂದರೆ ಸುಮಾರು ಒಂದು ವಾರಕ್ಕೆ ಸೋನಿಯವರು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ತೆಗೆದರು, ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. "ಆಮ್ಯಾಲ ಸರಿ ಮಾಡ್ಯಾರಲ್ಲ ಕಾಕಾ, ಈಗ ಮಸ್ತ್ ಐತಿ" ಅನ್ನುತ್ತಾನೆ ಇವನು. ಇರಬಹುದು. ಆದರೆ ಮೊದಲ ದಿನ ಪೂರ್ತಿ ದುಡ್ಡು ಎಣಿಸಿದವನು? 1982ಕ್ಕೂ 2020ಕ್ಕೂ ಅದೇ ರೋಗ. ಗೇಮ್ ತಯಾರಾಗುವ ಮೊದಲೇ ಹಬ್ಬದ ತಾರೀಖು ಗಟ್ಟಿಯಾಗಿರುತ್ತದೆ. ಆಗ ಕ್ಯಾಸೆಟ್ ಮಾರಿದರೆ ಮುಗಿಯಿತು, ತಿದ್ದುವ ದಾರಿ ಇರಲಿಲ್ಲ. ಈಗ ದಾರಿ ಇದೆ ಅಂತ ಅರ್ಧ ಬೆಂದ ರೊಟ್ಟಿ ಬಡಿಸುತ್ತಾರೆ.

ಇನ್ನು ಬೆರಳಿನ ತಡದ ವಿಷಯ. ತಗೊಂಡು ಏಳನೇ ತಿಂಗಳಿಗೆ ಮಗ ಟಿವಿಯ ಸೆಟ್ಟಿಂಗ್ ಕೆದಕುತ್ತಾ 'ಗೇಮ್ ಮೋಡ್' ಅಂತ ಒಂದು ಕಂಡುಹಿಡಿದ. ಟಿವಿ ತಾನೇ ಚಿತ್ರವನ್ನು ನುಣುಪು ಮಾಡಲು ಕೂತು ತಡ ಮಾಡುತ್ತಿತ್ತಂತೆ. ಅದನ್ನು ಆನ್ ಮಾಡಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಅಂದರೆ ಆರು ತಿಂಗಳು ನಾನು ಬೈದದ್ದರಲ್ಲಿ ಸ್ಟಿಕ್ಕಿಗೆ ಸೇರಬೇಕಾದದ್ದು ಕಾಲು ಪಾಲು ಮಾತ್ರ. ಕಾಂಟ್ರಾದಲ್ಲಿ ಈಗಲೂ ಸಾಯುತ್ತೇನೆ, ಆದರೆ ಅದು ನನ್ನ 44 ವರ್ಷದ ಬೆರಳಿನ ತಪ್ಪು. ಇ.ಟಿ. ಮಾತ್ರ ಗೇಮ್ ಮೋಡ್‌ನಲ್ಲೂ ತಗ್ಗಿಗೇ ಬೀಳುತ್ತಾನೆ.

ಉಳಿದ ದೂರು ಬೇಗ ಹೇಳಿಬಿಡುತ್ತೇನೆ. ಎರಡನೇ ಕಂಟ್ರೋಲರಿನ ಎಡಗಡೆ ಬಟನ್ ವರ್ಷದೊಳಗೆ ಸಡಿಲ ಆಯಿತು. ಕರೆಂಟ್ ಹೋಗಿ ಬಂದಾಗ ಮೆಮೊರಿ ಕಾರ್ಡ್ ಒಮ್ಮೆ ಸತ್ತೇಹೋಯಿತು, ಮಗ ಮೊದಲೇ ಕಂಪ್ಯೂಟರಿಗೆ ನಕಲು ಮಾಡಿಟ್ಟಿದ್ದಕ್ಕೆ ಬಚಾವು. ನೀವೂ ತಂದ ದಿನವೇ ನಕಲು ಮಾಡಿಕೊಳ್ಳಿ. ಹೊಸ ಕನ್ಸೋಲ್ ಅಂದರೆ 50,000ದ ಆಸುಪಾಸು, ಅದು ನನ್ನ ಜೇಬಿಗೆ ಆಗುವ ಮಾತಲ್ಲ. 1,900ಕ್ಕೆ ಎರಡು ವರ್ಷದ ಭಾನುವಾರ ಸಿಕ್ಕಿದೆ, ನನಗೆ ಲೆಕ್ಕ ಕೂಡಿದೆ. ಒಬ್ಬರೇ ಕೂತು ಆಡುವವರಾದರೆ ತಗೋಬೇಡಿ, ವಾರದಲ್ಲಿ ಅಟ್ಟ ಸೇರುತ್ತದೆ. ಜಗಳ ಆಡಲು ಒಬ್ಬ ತಮ್ಮನೋ ಅಕ್ಕನೋ ಇದ್ದರೆ ತಗೊಳ್ಳಿ. 1,900ಕ್ಕಿಂತ ಜಾಸ್ತಿ ಕೊಡಬೇಡಿ. ಸೆಲ್ ಮಾತ್ರ ಬೇರೆ ತನ್ನಿ. ಹೋದ ವಾರ ನಾವು ಮರೆತು, ಎಂಟು ಗಂಟೆ ಐದು ನಿಮಿಷಕ್ಕೆ ಅವ್ವ ಖಾಲಿ ರಿಮೋಟ್ ಒತ್ತುತ್ತಾ ಕೂತಿದ್ದಳು.