ಕಣ್ಣೂರು ಏರ್‌ಪೋರ್ಟಿಂದ ಕೊಡಗಿನ ರೆಸಾರ್ಟಿಗೆ: ಫ್ರೀ ಶಟಲ್ಲಾ, ಬಾಡಿಗೆ ಕಾರಾ? ಎರಡನ್ನೂ ಒಂದೇ ದಿನ ನೋಡಿದ್ದಾಯ್ತು

ನಾನಿರೋದು ಗೋಣಿಕೊಪ್ಪದಲ್ಲಿ. ಹೊರಗಿನ ನೆಂಟ್ರು, ಫ್ರೆಂಡ್ಸ್ ಯಾರೇ ಕೊಡಗಿಗೆ ಬರ್ತೀವಿ ಅಂದ್ರೂ ಮೊದಲು ಫೋನ್ ಬರೋದು ನನಗೆ. ಎಲ್ಲರದ್ದೂ ಒಂದೇ ಪ್ರಶ್ನೆ, ಏರ್‌ಪೋರ್ಟಿಂದ ರೆಸಾರ್ಟ್‌ನವರ ಗಾಡಿ ಫ್ರೀ ಇದ್ಯಂತೆ ಅದರಲ್ಲೇ ಬರೋದಾ ಇಲ್ಲ ಕಾರ್ ಮಾಡ್ಕೊಂಡು ಬರೋದಾ ಅಂತ. ಇಷ್ಟು ದಿನ ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಹೋದ ಅಕ್ಟೋಬರಲ್ಲಿ ಅಜ್ಜಿಗೆ 80 ತುಂಬಿತು ಅಂತ ಮುಂಬೈಯಿಂದ ಮನೆಯವರೆಲ್ಲ ಒಟ್ಟಿಗೆ ಬಂದ್ರು, ಒಂದೇ ಫ್ಲೈಟು, ಒಂದೇ ರೆಸಾರ್ಟು, ಆದ್ರೆ ಅರ್ಧ ಜನ ಶಟಲ್ಲಲ್ಲಿ ಅರ್ಧ ಜನ ಕಾರಲ್ಲಿ. ಹಾಗಾಗಿ ಈಗ ಸ್ವಲ್ಪ ಲೆಕ್ಕ ಇಟ್ಕೊಂಡು ಬರೀತಿದ್ದೀನಿ. ರೆಸಾರ್ಟ್ ಹೆಸರು ಬೇಡ, ಸಿದ್ದಾಪುರದ ಕಡೆ ಅಂತ ಇಟ್ಕೊಳ್ಳಿ.

ಮೊದಲು ಗೊತ್ತಿಲ್ಲದವರಿಗೆ ಒಂದು ಮಾತು. ಕೊಡಗಲ್ಲಿ ಏರ್‌ಪೋರ್ಟೂ ಇಲ್ಲ, ರೈಲೂ ಇಲ್ಲ. 2018ರ ಡಿಸೆಂಬರಲ್ಲಿ ಕಣ್ಣೂರಿನ ಮಟ್ಟನ್ನೂರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಅದೇ ಹತ್ತಿರ, ಅಲ್ಲಿಂದ ವಿರಾಜಪೇಟೆಗೆ ಹತ್ತತ್ರ 60 ಕಿಲೋಮೀಟರ್ ಅಷ್ಟೇ. ಮಂಗಳೂರಿಂದ ಬರೋದಾದ್ರೆ ಪುತ್ತೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಅದು 140ರ ಹತ್ರ ಆಗುತ್ತೆ. ಮೈಸೂರು ಮಂಡಕಳ್ಳಿಗೆ ವಿಮಾನ ಬರೋದೇ ಬೆರಳೆಣಿಕೆ. ಬೆಂಗಳೂರಿಂದ ಅಂದ್ರೆ ದೇವನಹಳ್ಳಿಯಿಂದ ಮಡಿಕೇರಿಗೆ 290 ಕಿಲೋಮೀಟರ್ ಚಿಲ್ಲರೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರುವರೆಗೆ ಸಲೀಸು ನಿಜ, ಆದ್ರೆ ಏರ್‌ಪೋರ್ಟಿಂದ ಸಿಟಿ ದಾಟಿ ಕೆಂಗೇರಿ ಮುಟ್ಟೋದ್ರಲ್ಲೇ ಅರ್ಧ ಜೀವ ಹೋಗಿರುತ್ತೆ. ಅಲ್ಲಿಂದ ಫ್ರೀ ಶಟಲ್ ಕೊಡೋ ರೆಸಾರ್ಟ್ ನನಗಂತೂ ಒಂದೂ ಸಿಕ್ಕಿಲ್ಲ, ಕೊಟ್ರೂ ಅದು ಫ್ರೀ ಆಗಿರೋಕೆ ಸಾಧ್ಯ ಇಲ್ಲ. ಒಬ್ರೇ ಬರೋರು ಕೆಎಸ್‌ಆರ್‌ಟಿಸಿ ಫ್ಲೈ ಬಸ್ಸಲ್ಲಿ ಮೈಸೂರಿಗೆ ಬಂದು ಅಲ್ಲಿಂದ ಮಡಿಕೇರಿ ಬಸ್ ಹತ್ತೋದು ವಾಸಿ. ಹಾಗಾಗಿ ಈ ಶಟಲ್ಲಾ ಕಾರಾ ಅನ್ನೋ ತಲೆನೋವು ಇರೋದು ಮುಖ್ಯವಾಗಿ ಕಣ್ಣೂರಿಗೆ ಇಳಿಯೋರಿಗೆ.

ಈಗ ನಮ್ಮ ಕಥೆ. ಫ್ಲೈಟ್ ಇಳಿದಿದ್ದು ಬೆಳಗ್ಗೆ 10.40ಕ್ಕೆ. ನಾನು ಅಜ್ಜಿನ ನೋಡೋ ಆಸೆಗೆ ಮೊದಲೇ ಹೋಗಿ ನಿಂತಿದ್ದೆ. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮನಿಗೆ ನಾನು ಕಾರ್ ಬುಕ್ ಮಾಡಿದ್ದೆ, ಕೇರಳದ್ದೇ ಒಂದು ಟ್ಯಾಕ್ಸಿ, ಸಿದ್ದಾಪುರಕ್ಕೆ ಎಲ್ಲಾ ಸೇರಿ 4,200 ಅಂತ ಫೋನಲ್ಲಿ ಮಾತಾಗಿತ್ತು. ಭಾವನ ಫ್ಯಾಮಿಲಿ ಆರು ಜನ, ಅವರದ್ದು ರೆಸಾರ್ಟ್ ಪ್ಯಾಕೇಜು, ಅದರಲ್ಲಿ ಶಟಲ್ ಫ್ರೀ. ಭಾವ ನನ್ನ ಕಾರ್ ನೋಡಿ ನಕ್ಕು, "ಏನಮ್ಮಾ, ಫ್ರೀಯಾಗಿ ಕರ್ಕೊಂಡು ಹೋಗ್ತೀವಿ ಅಂದ್ರೂ ದುಡ್ಡು ಕೊಟ್ಟು ಹೋಗ್ತೀರಲ್ಲ" ಅಂದ್ರು. ನಾವು 11.15ಕ್ಕೆ ಹೊರಟ್ವಿ.

ಶಟಲ್ ಟೈಮಿಂಗ್ 11.30. ಹೊರಟಿದ್ದು 1.10ಕ್ಕೆ! ಯಾಕೆ ಅಂದ್ರೆ ಅದೇ ರೆಸಾರ್ಟಿನ ಇನ್ನೂ ನಾಲ್ಕು ಗೆಸ್ಟ್ ಬೇರೆ ಫ್ಲೈಟಲ್ಲಿ ಬರೋರಿದ್ರು, ಅದು ಲೇಟು. ಡ್ರೈವರಿಗೆ ಅವರನ್ನ ಬಿಟ್ಟು ಹೊರಡೋ ಹಾಗಿಲ್ಲ, ಬಿಟ್ರೆ ಸಂಜೆ 4.30ರ ಟ್ರಿಪ್ಪೇ ಗತಿ, ಅಲ್ಲಿಗೆ ಅವರು ಬೈತಾರೆ. ಭಾವ ಪಾರ್ಕಿಂಗಲ್ಲಿ ನಿಂತು ನನಗೆ ಹತ್ತು ನಿಮಿಷಕ್ಕೊಂದು ಮೆಸೇಜ್. ಗಾಡಿ 17 ಸೀಟಿನ ಟೆಂಪೋ ಟ್ರಾವೆಲರ್, ಮೇಲೆ ಕ್ಯಾರಿಯರ್ ಇಲ್ಲ, ಹತ್ತು ಜನ ಅಂದ್ರೂ ಮುಂಬೈಯವರ ಸೂಟ್‌ಕೇಸ್ ಕಥೆ ಗೊತ್ತಲ್ಲ, ಹಿಂದಿನ ಸೀಟ್ ತುಂಬಿ ನಡುವಿನ ದಾರಿಲೂ ಬ್ಯಾಗು, ಇಳಿಯೋಕೆ ಒಬ್ಬರ ಮೇಲೊಬ್ಬರು ಹತ್ತಿ ಇಳೀಬೇಕು.

ಸರಿ, ಹೊರಟ್ರಲ್ಲ ಅಂದ್ರೆ ವಿರಾಜಪೇಟೆ ಹತ್ರ ಒಂದು ಸ್ಪೈಸ್ ಅಂಗಡಿ ಮುಂದೆ 25 ನಿಮಿಷ ನಿಲ್ಸಿದ್ರಂತೆ. ಜೇನುತುಪ್ಪ, ಕಾಳುಮೆಣಸು, ಹೋಮ್‌ಮೇಡ್ ಚಾಕ್ಲೇಟ್, ವೈನ್. ಕೊಡಗಿನ ಡ್ರೈವರ್‌ಗಳಿಗೆ ಈ ಅಂಗಡಿಗಳಿಂದ ಕಮಿಷನ್ ಇರುತ್ತೆ ಅನ್ನೋದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಅದಕ್ಕೆ ನನಗೆ ಸಿಟ್ಟಿಲ್ಲ, ಸಂಬಳ ಎಷ್ಟು ಕೊಡ್ತಾರೆ ಅಂತಾನೂ ನೋಡ್ಬೇಕಲ್ಲ. ಸಿಟ್ಟು ಬಂದಿದ್ದು ಏನಕ್ಕೆ ಅಂದ್ರೆ, ಮಕ್ಕಳಿಗೆ ಹಸಿವು, ಪೇಟೇಲಿ ಊಟಕ್ಕೆ ನಿಲ್ಸಿ ಅಂದ್ರೆ ಟೈಮ್ ಇಲ್ಲ ಅಂದವರು ಅಂಗಡಿ ಮುಂದೆ ನಿಲ್ಸಿದ್ದು. ರೆಸಾರ್ಟ್ ಮುಟ್ಟಿದಾಗ 4.35. ಲಂಚ್ ಬಫೆ 3.30ಕ್ಕೇ ಎತ್ತಿಟ್ಟಿದ್ರು. ಆಮೇಲೆ ರಿಸೆಪ್ಷನಲ್ಲಿ ಭಾವನ ಗಂಟಲು ನನಗೆ ಕಾಟೇಜ್‌ವರೆಗೂ ಕೇಳಿಸ್ತು, ಅಡುಗೆಯವರು ಪಾಪ ಅನ್ನ ಸಾರು ಬಿಸಿ ಮಾಡಿ ಕೊಟ್ರು.

ಹಾಗಂತ ಕಾರು ಸ್ವರ್ಗ ಅಂದ್ಕೋಬೇಡಿ.

ಶುರು ಚೆನ್ನಾಗಿತ್ತು. ಇರಿಟ್ಟೀಲಿ ಚಹಾಗೆ ನಿಲ್ಸಿದ, ಬಿಸಿ ಬಿಸಿ ಪಳಂಪೊರಿ, ಅಂದ್ರೆ ಬಾಳೆಹಣ್ಣಿನ ಬಜ್ಜಿ, ಅಜ್ಜಿ ಒಂದೂವರೆ ತಿಂದ್ರು. ಕೂಟುಪುಳ ಸೇತುವೆ ದಾಟಿ ಕರ್ನಾಟಕಕ್ಕೆ ಬಂದ್ರೆ ಮಾಕುಟ್ಟ ಚೆಕ್‌ಪೋಸ್ಟ್. ಅಲ್ಲಿ ಡ್ರೈವರ್ ಇಳಿದು ಹೋದವನು ಕಾಲು ಗಂಟೆ ಬಿಟ್ಟು ಬಂದು, ಗಾಡಿಗೆ ಆಲ್ ಇಂಡಿಯಾ ಪರ್ಮಿಟ್ ಇಲ್ಲ ಅಕ್ಕಾ, ಕರ್ನಾಟಕದ ಟ್ಯಾಕ್ಸ್ ಕಟ್ಟಬೇಕು, 500 ಕೊಡಿ ಅಂದ. ಎಲ್ಲಾ ಸೇರಿ ಅಂದಿದ್ರಲ್ಲಪ್ಪ ಅಂದ್ರೆ, ಅದು ಓನರ್ ಹೇಳಿದ್ದು, ನನಗೆ ಗೊತ್ತಿಲ್ಲ ಅಂತ. ಕಾಡಿನ ಮಧ್ಯೆ ಅಜ್ಜಿನ ಕೂರಿಸ್ಕೊಂಡು ಯಾರು ಜಗಳ ಆಡ್ತಾರೆ, ಕೊಟ್ಟೆ. ನೀವು ಇದನ್ನ ಬುಕ್ ಮಾಡುವಾಗಲೇ ಕೇಳಿ: ಹಳದಿ ಬೋರ್ಡಾ, ಆಲ್ ಇಂಡಿಯಾ ಪರ್ಮಿಟ್ ಇದ್ಯಾ, ಟ್ಯಾಕ್ಸು ಪಾರ್ಕಿಂಗು ಬಾಟಾ ಸೇರಿದ್ಯಾ ಅಂತ, ಮತ್ತೆ ಉತ್ತರ ವಾಟ್ಸಾಪಲ್ಲಿ ಬರ್ಸ್ಕೊಳ್ಳಿ. ಬಿಳಿ ಬೋರ್ಡ್ ಕಾರಲ್ಲಿ ಸಾವಿರ ಕಮ್ಮಿಗೆ ಬರ್ತೀನಿ ಅನ್ನೋರೂ ಸಿಗ್ತಾರೆ, ಅದು ಬೇಡ್ವೇ ಬೇಡ, ಏನಾದ್ರೂ ಆದ್ರೆ ಇನ್ಶೂರೆನ್ಸ್ ಕೈ ಎತ್ತುತ್ತೆ.

ಮಾಕುಟ್ಟದಿಂದ ಪೆರುಂಬಾಡಿವರೆಗೆ ಘಾಟಿ. ಎರಡೂ ಕಡೆ ಒತ್ತಾದ ಕಾಡು, ಮೊಬೈಲ್ ಸಿಗ್ನಲ್ ಹೋಗಿಬಿಡುತ್ತೆ, ತಿರುವು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು. 2018ರ ಮಳೇಲಿ ಇಲ್ಲೂ ಗುಡ್ಡ ಜಾರಿತ್ತು. ಅದೇ ಆಗಸ್ಟಲ್ಲಿ ಆ ಕಡೆ ಜೋಡುಪಾಲದ ಹತ್ರ ಕುಸಿದು ಮಡಿಕೇರಿ ಸಂಪಾಜೆ ರೋಡು ಬಂದ್ ಆಗಿದ್ದು ನೆನಪಿರಬಹುದು. ಜೂನಿಂದ ಸೆಪ್ಟೆಂಬರ್‌ವರೆಗೆ ಬರೋರು ಹೊರಡೋ ಬೆಳಗ್ಗೆ ರೋಡ್ ಓಪನ್ ಇದ್ಯಾ ಅಂತ ರೆಸಾರ್ಟಿಗೇ ಫೋನ್ ಮಾಡಿ ಕೇಳಿ, ಗೂಗಲ್ ನಂಬ್ಕೋಬೇಡಿ.

ನಮ್ಮ ಡ್ರೈವರ್ ಹುಡುಗ ಒಳ್ಳೆಯವನೇ, ಆದ್ರೆ ಘಾಟಿಗೆ ಹೊಸಬ. ತಿರುವಲ್ಲಿ ಬ್ರೇಕು, ನೇರ ಸಿಕ್ಕಿದ ಕಡೆ ಜೋರು, ಮತ್ತೆ ಬ್ರೇಕು. ಎಸಿ ಹಾಕಿ ಗ್ಲಾಸ್ ಏರ್ಸಿದ್ದ. ನಾಲ್ಕನೇ ಐದನೇ ತಿರುವಿಗೆ ಅಜ್ಜಿ ಮಾತು ನಿಲ್ಸಿದ್ರು, ಸೆರಗು ಬಾಯಿಗೆ ಬಂತು, ನಾನು ನಿಲ್ಸಿ ನಿಲ್ಸಿ ಅನ್ನೋಷ್ಟರಲ್ಲಿ ಪಳಂಪೊರಿ ಎಲ್ಲಾ ಆಚೆ. ರೋಡ್ ಪಕ್ಕ ನೀರು ಹರೀತಿತ್ತು, ಮುಖ ತೊಳೆದು ಮೋರಿ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂರಿಸಿದ್ವಿ. ಅಲ್ಲಿಂದ ಎಸಿ ಆಫ್ ಮಾಡ್ಸಿ ಕಿಟಕಿ ತೆಗೆಸಿದೆ, ಸರಿ ಹೋಯ್ತು.

ಎರಡನೇ ಪಜೀತಿ ಕೊನೆಯ ಮೂರು ಕಿಲೋಮೀಟರಲ್ಲಿ. ಅಮ್ಮತ್ತಿ ದಾಟಿದ ಮೇಲೆ ಮ್ಯಾಪ್ ತೋರಿಸಿದ ದಾರಿ ಹಿಡಿದ್ರೆ ಅದು ಯಾರದ್ದೋ ಕಾಫಿ ತೋಟದ ಲೈನ್‌ಮನೆ (ಕೆಲಸದವರ ಮನೆ) ಹಿಂದಿನ ಮಣ್ಣು ರೋಡು. ಹಿಂದಿನ ರಾತ್ರಿ ಮಳೆ ಬಂದಿತ್ತು, ಸೆಡಾನ್ ಕಾರು, ಹೊಟ್ಟೆ ತಗುಲಿ ನಿಂತೇಬಿಡ್ತು. ತೋಟದ ಕೆಲಸದವರು ಬಂದು ತಳ್ಳಿದ್ರೂ ಚಕ್ರ ಸುತ್ತಿ ಕೆಸರು ಎರಚಿದ್ದೇ ಬಂತು. ಕೊನೆಗೆ ರೆಸಾರ್ಟಿಗೆ ಫೋನ್ ಮಾಡಿ ಅವರ ಜೀಪ್ ಬಂತು, ಹಗ್ಗ ಕಟ್ಟಿ ಎಳೆದು, ಅಜ್ಜಿನ ಜೀಪಲ್ಲಿ ಕೂರಿಸ್ಕೊಂಡು ಹೋದ್ರು. 2.50ಕ್ಕೆ ಮುಟ್ಟಿದ್ವಿ, ಊಟ ಬಿಸಿಯಾಗಿ ಸಿಕ್ತು, ಕಡುಂಬುಟ್ಟು ಪಂದಿ ಕರಿ ನೋಡಿ ದೊಡ್ಡಪ್ಪ ಎಲ್ಲಾ ಮರೆತ್ರು. ಇದರಿಂದ ಗೊತ್ತಾಗಿದ್ದು, ಕೊಡಗಲ್ಲಿ ಯಾವ ಎಸ್ಟೇಟ್ ರೆಸಾರ್ಟಿಗೆ, ಹೋಮ್‌ಸ್ಟೇಗೆ ಹೋದ್ರೂ ಮೊದಲೇ ಕೇಳ್ಬೇಕು, ಮೇನ್ ರೋಡಿಂದ ಒಳಗೆ ಸಣ್ಣ ಕಾರು ಬರುತ್ತಾ ಅಂತ. ಎಷ್ಟೋ ಕಡೆ ಮೇನ್ ರೋಡಲ್ಲಿ ಕಾರ್ ಬಿಟ್ಟು ಅವರ ಜೀಪಲ್ಲೇ ಹೋಗ್ಬೇಕು, ಅದಕ್ಕೆ ಕೆಲವರು ದುಡ್ಡು ತಗೋತಾರೆ.

ಈಗ ದುಡ್ಡಿನ ವಿಷಯ, ಇಲ್ಲೇ ಇರೋದು ಮಜಾ. ಭಾವನ ಪ್ಯಾಕೇಜ್ ಒಂದು ರೂಮಿಗೆ ಎರಡು ರಾತ್ರಿಗೆ 19,000. ನಾನು ಅದೇ ಥರದ ರೂಮನ್ನ ಫೋನ್ ಮಾಡಿ ಪ್ಯಾಕೇಜ್ ಇಲ್ಲದೆ ತಗೊಂಡಿದ್ದು ರಾತ್ರಿಗೆ 7,800, ಅಂದ್ರೆ 15,600. ಎಸ್ಟೇಟ್ ವಾಕು, ಕ್ಯಾಂಪ್‌ಫೈರು ನಮಗೂ ಕೊಟ್ರು. ಹಾಗಾದ್ರೆ ಆ 3,400 ಯಾವುದಕ್ಕೆ? ಶಟಲ್ಲಿಗೇ ಅಲ್ವಾ. ಮೂರು ರೂಮಿಗೆ 10,200. ಆರು ಜನಕ್ಕೆ ಒಂದು ಇನ್ನೋವಾ ಹೋಗ್ತಾ ಬರ್ತಾ ಮಾಡಿದ್ರೆ 11,000 ಆಗ್ತಿತ್ತು, ನಾನು ವಿಚಾರಿಸಿದ್ದೆ. 800 ಉಳಿಸೋಕೆ ಒಂದೂ ಮುಕ್ಕಾಲು ಗಂಟೆ ಪಾರ್ಕಿಂಗಲ್ಲಿ ನಿಂತಿದ್ದು! ಆದ್ರೆ ಗಂಡ ಹೆಂಡ್ತಿ ಇಬ್ರೇ ಒಂದು ರೂಮಲ್ಲಿ ಇರೋರಾದ್ರೆ ಲೆಕ್ಕ ಉಲ್ಟಾ, 3,400ಕ್ಕೆ ಎರಡೂ ಕಡೆ ಮುಗೀತು, ಕಾರಾದ್ರೆ ಎಂಟೂವರೆ ಸಾವಿರಕ್ಕೆ ಕಮ್ಮಿ ಇಲ್ಲ. ಹಾಗಾಗಿ ಇಬ್ರಿದ್ರೆ ಶಟಲ್, ನಾಲ್ಕು ದಾಟಿದ್ರೆ ಕಾರು, ಅದೂ ಸೆಡಾನ್ ಅಲ್ಲ, ಎತ್ತರದ ಗಾಡಿ.

ಯಾರೂ ಯೋಚನೆ ಮಾಡದ ಖರ್ಚು ಇನ್ನೊಂದಿದೆ. ಶಟಲ್ಲಲ್ಲಿ ಬಂದವರು ರೆಸಾರ್ಟ್ ಒಳಗೆ ಇಳಿದ ಮೇಲೆ ಅಲ್ಲೇ ಬಂಧಿ. ತೋಟದ ನಡುವೆ ಆಟೋ ಎಲ್ಲಿಂದ ಬರುತ್ತೆ? ಮಾರನೇ ದಿನ ಭಾವನ ಮಕ್ಕಳು ದುಬಾರೆ ಆನೆ ಕ್ಯಾಂಪ್ ನೋಡ್ಬೇಕು ಅಂದ್ರು, ರೆಸಾರ್ಟ್‌ನವರ ಗಾಡಿಗೆ ಅರ್ಧ ದಿನಕ್ಕೆ 2,800 ಹೇಳಿದ್ರು. ನಾನು ಸಿದ್ದಾಪುರ ಸ್ಟ್ಯಾಂಡಿನ ಪರಿಚಯದ ಅಣ್ಣನಿಗೆ ಫೋನ್ ಮಾಡಿದೆ, 1,600ಕ್ಕೆ ಜೀಪ್ ತಗೊಂಡು ಬಂದ್ರು. ಊರಲ್ಲಿ ಪರಿಚಯ ಇಲ್ಲದವರು ಆ 2,800 ಕೊಡಲೇಬೇಕಲ್ಲ. ಒಂದು ಬೇಕರಿಗೆ ಹೋಗಿ ಮಗೂಗೆ ಬ್ರೆಡ್ ತರ್ಬೇಕು ಅಂದ್ರೂ ರಿಸೆಪ್ಷನಿಗೇ ಹೋಗಿ ಕೇಳ್ಬೇಕು. ಮೂರು ದಿನ ರೆಸಾರ್ಟ್ ಬಿಟ್ಟು ಕದಲಲ್ಲ, ಪುಸ್ತಕ ಓದ್ಕೊಂಡು ಬಿದ್ದಿರ್ತೀನಿ ಅನ್ನೋರಿಗೆ ಇದು ಸಮಸ್ಯೆನೇ ಅಲ್ಲ. ತಲಕಾವೇರಿ, ಭಾಗಮಂಡಲ, ಬೈಲುಕುಪ್ಪೆ ಅಂತ ಲಿಸ್ಟ್ ಹಿಡ್ಕೊಂಡು ಬರೋರು ಮೊದಲ ದಿನದಿಂದಲೇ ಕಾರ್ ಇಟ್ಕೊಳ್ಳಿ, ದಿನದ ಬಾಡಿಗೆ, ಕಿಲೋಮೀಟರ್ ಲಿಮಿಟ್, ಬಾಟಾ ಎಲ್ಲಾ ಮಾತಾಡ್ಕೊಂಡು.

ಇಷ್ಟೆಲ್ಲಾ ಬೈದ ಮೇಲೂ ಶಟಲ್ಲಿಗೆ ಒಂದು ವಿಷಯದಲ್ಲಿ ಪೂರ್ತಿ ಮಾರ್ಕ್ಸ್ ಕೊಡ್ತೀನಿ, ಅದು ಡ್ರೈವರ್. ದಿನಾ ಎರಡು ಸಲ ಆ ಘಾಟಿ ಹತ್ತಿ ಇಳಿಯೋ ಮನುಷ್ಯ, ಐವತ್ತರ ಮೇಲೆ ವಯಸ್ಸು. ಪ್ರತಿ ಕುರುಡು ತಿರುವಿಗೂ ಒಂದು ಸಣ್ಣ ಹಾರ್ನ್, ಸೆಕೆಂಡ್ ಗೇರಲ್ಲೇ ನಿಧಾನಕ್ಕೆ, ಯಾರಿಗೂ ಹೊಟ್ಟೆ ತೊಳಸಲಿಲ್ಲ. ಸೀಟಿನ ಹಿಂದೆ ಒಂದೊಂದು ಕವರ್ ಮಡಚಿ ಸಿಗಿಸಿದ್ದ, ಡ್ಯಾಶ್‌ಬೋರ್ಡ್ ಮೇಲೆ ಗಟ್ಟಿ ನಿಂಬೆಹಣ್ಣು ನಾಲ್ಕು, ಕೇಳಿದವರಿಗೆ ಒಂದು ಕೊಟ್ಟು ಉಗುರಲ್ಲಿ ಕೆರೆದು ಮೂಸಿ ನೋಡಿ ಅನ್ನೋದು. ಸಿದ್ದಾಪುರದ ಕಡೆ ಸಂಜೆ ಆದ್ರೆ ಆನೆ ರೋಡಿಗೆ ಬರೋದು ಮಾಮೂಲಿ, ಎಲ್ಲಿ ದಾಟ್ತಿದೆ ಅಂತ ಡ್ರೈವರ್‌ಗಳ ವಾಟ್ಸಾಪ್ ಗ್ರೂಪಲ್ಲಿ ವಾಯ್ಸ್ ಮೆಸೇಜ್ ಬರ್ತಾನೇ ಇರುತ್ತೆ. ಅಮ್ಮತ್ತಿ ಹತ್ರ ಅವನು ಗಾಡಿ ಸೈಡಿಗೆ ಹಾಕಿ ಐದು ನಿಮಿಷ ಸುಮ್ಮನೆ ನಿಂತನಂತೆ, ಮುಂದೆ ತೋಟದಿಂದ ಒಂದು ಇಳೀತಿದೆ ಅಂತ. ಕಣ್ಣೂರಿನ ಹುಡುಗನಿಗೆ ಇದು ಹೇಗೆ ಗೊತ್ತಾಗ್ಬೇಕು? ಸಂಜೆ ಫ್ಲೈಟಲ್ಲಿ ಇಳಿದು ಕತ್ತಲಲ್ಲಿ ಬರೋದಾದ್ರೆ ನಾನು ಕಣ್ಣುಮುಚ್ಚಿ ಶಟಲ್ ಅಂತೀನಿ, ಇಲ್ಲ ಕೊಡಗಿನವರದ್ದೇ ಕಾರು ತರಿಸ್ಕೊಳ್ಳಿ, ಕೆಎ 12 ನಂಬರಿಂದು. ಐನೂರು ಜಾಸ್ತಿ ಆದ್ರೂ ಪರವಾಗಿಲ್ಲ.

ನಕ್ಷತ್ರ ಕೊಡಲೇಬೇಕು ಅಂದ್ರೆ ಶಟಲ್ಲಿಗೆ 5ಕ್ಕೆ 3, ಅದರಲ್ಲಿ ಎರಡು ಆ ಡ್ರೈವರಿಗೆ. ಕಾರಿಗೆ ಮೂರೂವರೆ, 500 ರೂಪಾಯಿ ಕಿರಿಕ್ ಇಲ್ಲದಿದ್ರೆ ನಾಲ್ಕು.

ವಾಪಸ್ ಹೋಗುವಾಗ ಏನಾಯ್ತು ಅಂದ್ರೆ, ಶಟಲ್ ಹೊರಡೋದು ಬೆಳಗ್ಗೆ 6.30ಕ್ಕೆ ಒಂದೇ ಟ್ರಿಪ್. ಭಾವ ಟಿಕೆಟ್ ಕಮ್ಮಿ ಅಂತ ಮಧ್ಯಾಹ್ನ 3ರ ಫ್ಲೈಟ್ ಮಾಡಿದ್ರು, ಅದಕ್ಕೆ ಫ್ರೀ ಶಟಲ್ ಬಿಟ್ಟು 5,500 ಕೊಟ್ಟು ಇನ್ನೋವಾ ಮಾಡ್ಕೊಂಡ್ರು, ನಾನು ಏನೂ ಅನ್ನಲಿಲ್ಲ, ನಕ್ಕೆ ಅಷ್ಟೇ. ಅಜ್ಜಿಯವರದ್ದು ಬೆಳಗ್ಗೆ ಫ್ಲೈಟು. ನಾನು ಮತ್ತೆ ಕಾರ್ ಹೇಳ್ತೀನಿ, ಈ ಸಲ ಇಲ್ಲಿಯವರದ್ದೇ ಅಂದ್ರೆ ಅಜ್ಜಿ ಬಿಲ್ಕುಲ್ ಒಪ್ಪಲಿಲ್ಲ, "ಆ ಕಾರಲ್ಲಿ ನೆಲಕ್ಕೆ ಅಂಟ್ಕೊಂಡು ಕೂತ ಹಾಗಾಗುತ್ತೆ, ನನಗೆ ಆ ದೊಡ್ಡ ಗಾಡಿನೇ ಇರಲಿ" ಅಂದ್ರು. ಸೀಟ್ ಖಾಲಿ ಇತ್ತು, ಮ್ಯಾನೇಜರ್ ಪ್ಯಾಕೇಜು ಗೀಕೇಜು ಕೇಳದೆ ಹತ್ತಿಸ್ಕೊಂಡ್ರು. ಬೆಳಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ, ಅಜ್ಜಿ ಡ್ರೈವರ್ ಪಕ್ಕದ ಸೀಟಲ್ಲಿ ಕಿಟಕಿ ತೆಗೆದು ಕೂತು, ಕೈಯಲ್ಲಿ ಅವನ ನಿಂಬೆಹಣ್ಣು ಹಿಡ್ಕೊಂಡು ನನಗೆ ಟಾಟಾ ಮಾಡಿದ್ರು.